ಅರ್ಧಕ್ಕೇ ನಿಲ್ಲುವ ಔಷಧ: ಮಕ್ಕಳ ಮಲಬದ್ಧತೆ, ತಪ್ಪು ಕಲ್ಪನೆ ಮತ್ತು ವಾಸ್ತವ

ತಿಂಗಳುಗಟ್ಟಲೆ ಮಲಬದ್ಧತೆಯಿಂದ ಒದ್ದಾಡುವ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಕರುಳಿನ ಕಾಯಿಲೆ ಯಾವುದೂ ಇರುವುದಿಲ್ಲ. ಎಂದೋ ಒಂದು ದಿನ ಮಲ ಗಟ್ಟಿಯಾಗಿ ಬಂದು ನೋವಾಗಿರುತ್ತದೆ. ಜ್ವರದಲ್ಲಿ ಊಟ ಬಿಟ್ಟಾಗ, ಎದೆಹಾಲು ಬಿಡಿಸಿ ಹಸುವಿನ ಹಾಲು ಶುರುಮಾಡಿದಾಗ, ಸ್ಕೂಲಿಗೆ ಸೇರಿಸಿದ ಹೊಸತರಲ್ಲಿ ಹೀಗಾಗುವುದು ಹೆಚ್ಚು. ಮಗು ಆ ನೋವನ್ನು ಮರೆಯುವುದಿಲ್ಲ. ಮತ್ತೆ ಒತ್ತಡ ಬಂದಾಗ ಕಾಲು ಹೆಣೆದುಕೊಂಡು, ತುದಿಗಾಲಲ್ಲಿ ನಿಂತು, ಬಾಗಿಲ ಸಂದಿಗೆ ಹೋಗಿ ಮೈ ಬಿಗಿ ಹಿಡಿಯುತ್ತದೆ. ನೋಡಿದವರು ಮುಕ್ಕುತ್ತಿದೆ ಅಂದುಕೊಳ್ಳುತ್ತಾರೆ. ಅದು ಮಾಡುತ್ತಿರುವುದು ತಡೆಯುವ ಕೆಲಸ. ತಡೆದಷ್ಟು ಹೊತ್ತೂ ದೊಡ್ಡ ಕರುಳು ಮಲದಲ್ಲಿನ ನೀರನ್ನು ಹೀರುತ್ತಲೇ ಇರುತ್ತದೆ. ಮಲ ಇನ್ನಷ್ಟು ಗಟ್ಟಿ, ನೋವು ಇನ್ನಷ್ಟು ಜೋರು, ಹೆದರಿಕೆ ಇನ್ನಷ್ಟು ಆಳ.

ಈ ಸುತ್ತನ್ನು ಮುರಿಯಲು ಔಷಧ ಬೇಕು, ಔಷಧಗಳೂ ಇವೆ. ಅವು ಹೊಸವೂ ಅಲ್ಲ, ಸಿಗದಂಥವೂ ಅಲ್ಲ. ಆದರೂ ಎಷ್ಟೋ ಮಕ್ಕಳು ವರ್ಷಗಟ್ಟಲೆ ನರಳುವುದಕ್ಕೆ ನನ್ನ ದೃಷ್ಟಿಯಲ್ಲಿ ದೊಡ್ಡ ಕಾರಣ ಒಂದೇ. ಔಷಧದ ಬಗ್ಗೆ ಮನೆಯವರಿಗೆ ಇರುವ ಭಯದಿಂದಾಗಿ ಅದು ಸಾಕಷ್ಟು ಪ್ರಮಾಣದಲ್ಲೂ ಹೋಗುವುದಿಲ್ಲ, ಸಾಕಷ್ಟು ಕಾಲವೂ ನಡೆಯುವುದಿಲ್ಲ.

ತಪ್ಪು ಕಲ್ಪನೆ: ದಿನಾ ಔಷಧ ಕೊಟ್ಟರೆ ಕರುಳು ಸೋಮಾರಿಯಾಗುತ್ತದೆ

"ಡಾಕ್ಟ್ರೇ, ದಿನಾ ಕೊಟ್ರೆ ಅಭ್ಯಾಸ ಆಗ್ಬಿಡಲ್ವಾ? ಆಮೇಲೆ ಔಷಧಿ ಇಲ್ದೆ ಹೋಗೋದೇ ಇಲ್ಲ ಅಂದ್ರೆ?" ಮಕ್ಕಳ ಡಾಕ್ಟರ ಮುಂದೆ ಕೂತ ಅಮ್ಮಂದಿರು ತಪ್ಪದೆ ಕೇಳುವ ಪ್ರಶ್ನೆ ಇದು. ಮನೆಯಲ್ಲಿ ಅಜ್ಜಿಯೂ ಇದನ್ನೇ ಹೇಳಿರುತ್ತಾರೆ, ಪಕ್ಕದ ಮನೆಯವರೂ ಹೇಳಿರುತ್ತಾರೆ.

ವಾಸ್ತವ: ಮಕ್ಕಳಿಗೆ ಮೊದಲು ಬರೆದುಕೊಡುವ ಎರಡು ಔಷಧಗಳು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ ಮತ್ತು ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್. ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿದರೆ ಅದು ಆ ನೀರನ್ನು ಕರುಳಿನೊಳಗೆ ಬಿಡದೆ ಹಿಡಿದುಕೊಂಡು ಮಲದ ಜೊತೆಗೇ ಹೊರಬೀಳುತ್ತದೆ. ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ಲ್ಯಾಕ್ಟುಲೋಸ್ ನಮ್ಮ ಕರುಳಿಗೆ ಜೀರ್ಣಿಸಲಾಗದ ಒಂದು ಸಕ್ಕರೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿದಾಗ ಅಲ್ಲಿಗೆ ನೀರು ಬಂದು ಸೇರುತ್ತದೆ. ಹುದುಗುವುದರಿಂದಲೇ ಕೆಲವು ಮಕ್ಕಳಿಗೆ ಹೊಟ್ಟೆಯುಬ್ಬರ, ಗ್ಯಾಸು. ಎರಡೂ ಮಲವನ್ನು ಮೆತ್ತಗೆ ಮಾಡುತ್ತವೆ, ಅಷ್ಟೇ. ಕರುಳಿನ ಸ್ನಾಯುವಿಗೋ ನರಕ್ಕೋ ಇವುಗಳ ಚಟ ಹತ್ತುವ ದಾರಿಯೇ ಇಲ್ಲ.

ಹಾಗಾದರೆ ಔಷಧ ನಿಲ್ಲಿಸಿದ ವಾರಕ್ಕೇ ತೊಂದರೆ ಮರಳುವುದು ಏಕೆ? ಅದನ್ನೇ ಜನ 'ಅಭ್ಯಾಸ' ಎನ್ನುತ್ತಾರೆ. ನಡೆದಿರುವುದು ಬೇರೆ. ತಿಂಗಳುಗಟ್ಟಲೆ ಮಲ ತುಂಬಿಕೊಂಡ ಗುದನಾಳ ಹಳೆಯ ಚಡ್ಡಿಯ ಎಲಾಸ್ಟಿಕ್ಕಿನಂತೆ ಸಡಿಲಾಗಿರುತ್ತದೆ. ಅಂಥ ಗುದನಾಳ ಪೂರ್ತಿ ತುಂಬಿದರೂ 'ಹೋಗಬೇಕು' ಎಂಬ ಸೂಚನೆ ಮಗುವಿಗೆ ತಲುಪುವುದಿಲ್ಲ. ಅದು ಮೊದಲಿನ ಅಳತೆಗೆ ಬಂದು ಸಂವೇದನೆ ಮರಳಲು ತಿಂಗಳುಗಳೇ ಬೇಕು. ಮಗುವಿನ ಮನಸ್ಸಿನ ಹೆದರಿಕೆ ಕರಗಲು ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಎರಡೂ ಆಗುವ ಮುನ್ನವೇ ಔಷಧ ನಿಂತರೆ ಕಾಯಿಲೆ ಇದ್ದಲ್ಲೇ ಇರುತ್ತದೆ. ತಪ್ಪು ಮಾತ್ರ ಔಷಧದ ತಲೆಗೆ ಬರುತ್ತದೆ.

ಕರುಳನ್ನು ಹಿಂಡಿ ಕೆಲಸ ಮಾಡಿಸುವ ಸೆನ್ನಾ, ಬಿಸಕೋಡಿಲ್, ಸೋಡಿಯಂ ಪಿಕೋಸಲ್ಫೇಟ್ ಎಂಬ ಇನ್ನೊಂದು ಗುಂಪಿದೆ. 'ಸೋಮಾರಿ ಕರುಳಿನ' ಅಪವಾದ ಹುಟ್ಟಿದ್ದೇ ಇವುಗಳಿಂದ. 2005ರಲ್ಲಿ ಅಮೆರಿಕನ್ ಜರ್ನಲ್ ಆಫ್ ಗ್ಯಾಸ್ಟ್ರೋಎಂಟರಾಲಜಿಯಲ್ಲಿ ಬಂದ ಒಂದು ವಿಮರ್ಶಾ ಲೇಖನ ಇದ್ದ ಪುರಾವೆಗಳನ್ನೆಲ್ಲ ತೂಗಿ ನೋಡಿ, ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಇವುಗಳಿಂದಲೂ ದೊಡ್ಡ ಕರುಳಿಗೆ ಹಾನಿಯಾಗುವ ಸಂಭವ ಕಡಿಮೆ ಎಂದು ಹೇಳಿತು. ಮಕ್ಕಳಲ್ಲಿ ಇವು ಎರಡನೆಯ ಸಾಲಿನವು. ಪುಡಿಯೊಂದರಿಂದಲೇ ಕೆಲಸವಾಗದಾಗ ಅದರ ಜೊತೆಗೆ ಸೇರಿಸುತ್ತಾರೆ. ಡಾಕ್ಟರು ಹಾಗೆ ಬರೆದರೆ ಬೆಚ್ಚುವ ಅಗತ್ಯವಿಲ್ಲ.

ತಪ್ಪು ಕಲ್ಪನೆ: ಚಡ್ಡಿಯಲ್ಲಿ ನೀರಾಗಿ ಹೋಗುತ್ತಿದೆ ಎಂದರೆ ಅದು ಭೇದಿ, ಔಷಧ ಹೆಚ್ಚಾಗಿದೆ

ವಾಸ್ತವ: ಮಕ್ಕಳಿಗೆ ಅತಿ ಹೆಚ್ಚು ಅನ್ಯಾಯ ಮಾಡಿರುವ ತಪ್ಪು ಕಲ್ಪನೆ ಇದು. ಗುದನಾಳದಲ್ಲಿ ಕಲ್ಲಿನಂತೆ ಗಟ್ಟಿಯಾದ ಮಲದ ಉಂಡೆ ಕೂತಿರುತ್ತದೆ. ಮೇಲಿನಿಂದ ಇಳಿದು ಬರುವ ಮೆತ್ತನೆಯ ಮಲ ಅದರ ಪಕ್ಕದ ಸಂದಿಯಿಂದ ಜಾರಿ, ಮಗುವಿಗೆ ಗೊತ್ತೇ ಆಗದಂತೆ ಬಟ್ಟೆಗೆ ಸೋರುತ್ತದೆ. ದಿನಕ್ಕೆ ನಾಲ್ಕೈದು ಸಲ ಚಡ್ಡಿ ಕೊಳೆಯಾಗುತ್ತದೆ. ಕೆಲವರು ಭೇದಿ ನಿಲ್ಲುವ ಮಾತ್ರೆ ಕೊಡುತ್ತಾರೆ. ಕೆಲವರು ಕೊಡುತ್ತಿದ್ದ ಪುಡಿಯನ್ನೇ ನಿಲ್ಲಿಸುತ್ತಾರೆ. ಎರಡೂ ಒಳಗಿನ ಉಂಡೆಯನ್ನು ಇನ್ನಷ್ಟು ದೊಡ್ಡದು ಮಾಡುತ್ತವೆ.

ಇನ್ನು ಕೆಲವು ಮನೆಗಳಲ್ಲಿ ಮಗುವಿಗೆ ಏಟು ಬೀಳುತ್ತದೆ. ಆರು, ಏಳು ವರ್ಷದ ಮಗು ಬೇಕೆಂದೇ ಹೀಗೆ ಮಾಡುತ್ತಿದೆ, ಸೋಮಾರಿತನ, ಹಟ ಎಂಬ ತೀರ್ಮಾನ. ಕ್ಲಾಸಿನಲ್ಲಿ ವಾಸನೆ ಎಂದು ಪಕ್ಕದ ಮಗು ಸರಿದು ಕೂರುತ್ತದೆ. ತನ್ನ ಮೈಯಿಂದ ಏನು ಹೊರಗೆ ಬರುತ್ತಿದೆ ಎಂಬ ಅರಿವೇ ಇಲ್ಲದ ಮಗುವನ್ನು ಅದೇ ಕಾರಣಕ್ಕೆ ಬೈಯುವುದು, ಹೊಡೆಯುವುದು ಕ್ರೌರ್ಯ. ಈ ಮಾತನ್ನು ಮೆದುವಾಗಿ ಹೇಳಲು ನನಗೆ ಮನಸ್ಸಿಲ್ಲ.

ಇದಕ್ಕೆ ಚಿಕಿತ್ಸೆ ಮೊದಲು ಉಂಡೆಯನ್ನು ಹೊರಹಾಕುವುದು. ಇಲ್ಲಿ ಔಷಧದ ಪ್ರಮಾಣ ಜನ ಊಹಿಸಿದ್ದಕ್ಕಿಂತ ಬಹಳ ಹೆಚ್ಚು. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಕರುಳುರೋಗ ತಜ್ಞರ ಸಂಘಗಳು 2014ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ, ಈ ಹಂತದಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 1ರಿಂದ 1.5 ಗ್ರಾಂ, ಮೂರರಿಂದ ಆರು ದಿನ. ಅಂದರೆ 15 ಕಿಲೋ ತೂಗುವ ಮಗುವಿಗೆ ದಿನಕ್ಕೆ 15ರಿಂದ 22 ಗ್ರಾಂ. ಉಂಡೆ ಹೊರಬಿದ್ದ ಮೇಲೆ, ಮಲ ಮತ್ತೆ ಗಟ್ಟಿಯಾಗದಂತೆ ನೋಡಿಕೊಳ್ಳುವ ಮುಂದಿನ ಹಂತದಲ್ಲಿ ಅದೇ ಮಗುವಿಗೆ ಕಿಲೋಗೆ 0.4 ಗ್ರಾಂ ಲೆಕ್ಕದಲ್ಲಿ ಶುರುಮಾಡಿದರೆ 6 ಗ್ರಾಂ ಸಾಕು. ಮೊದಲ ಹಂತವನ್ನು ಹಾರಿಸಿ ಆರು ಗ್ರಾಂ ಕೊಟ್ಟು 'ಔಷಧ ಕೆಲಸ ಮಾಡಲಿಲ್ಲ' ಎಂದವರ ಸಂಖ್ಯೆ ದೊಡ್ಡದು. ಮಗುವಿನ ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರೇ ಈ ಪ್ರಮಾಣವನ್ನು ಹೇಳಬೇಕು, ಮೆಡಿಕಲ್ ಶಾಪಿನವರು ಹೇಳುವ ಲೆಕ್ಕ ಇದಲ್ಲ. ಉಂಡೆ ಕರಗಿ ಹೊರಗೆ ಬರುವ ಆ ಕೆಲವು ದಿನ ಸೋರುವುದು ಇನ್ನೂ ಜಾಸ್ತಿಯಾಗುತ್ತದೆ, ಹೊಟ್ಟೆನೋವೂ ಬರಬಹುದು. ಇದನ್ನು ಮೊದಲೇ ಹೇಳಿದ್ದರೆ ಯಾವ ತಾಯಿಯೂ ಎರಡನೆಯ ದಿನಕ್ಕೆ ಹೆದರಿ ನಿಲ್ಲಿಸುವುದಿಲ್ಲ. ರಜೆಯ ದಿನಗಳಲ್ಲಿ ಶುರುಮಾಡಿದರೆ ಮಗುವಿನ ಮಾನವೂ ಉಳಿಯುತ್ತದೆ.

ತಪ್ಪು ಕಲ್ಪನೆ: ಮೊದಲು ಹಣ್ಣು, ಸೊಪ್ಪು, ನೀರು, ಔಷಧ ಏನಿದ್ದರೂ ಕೊನೆಗೆ

ವಾಸ್ತವ: ಸೊಪ್ಪು, ಹಣ್ಣು, ರಾಗಿ, ಕಾಳು ಮಕ್ಕಳಿಗೆ ಒಳ್ಳೆಯವು, ಎಲ್ಲ ಮಕ್ಕಳಿಗೂ ಒಳ್ಳೆಯವು. ಆದರೆ ಒಳಗೆ ಉಂಡೆ ಕೂತಿರುವಾಗ ನಾರಿನಂಶ ಹೆಚ್ಚಿಸಿದರೆ ಅದರ ಹಿಂದೆ ಇನ್ನಷ್ಟು ಮಲ ಸೇರುತ್ತದೆ, ಹೊಟ್ಟೆ ಉಬ್ಬುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆ 2010ರ ಮಾರ್ಗಸೂಚಿಯಲ್ಲಿ, ಬರೀ ಆಹಾರ ಬದಲಾವಣೆಯನ್ನು ಮೊದಲ ಚಿಕಿತ್ಸೆಯಾಗಿ ಬಳಸಬೇಡಿ ಎಂದೇ ಹೇಳಿದೆ. ವಯಸ್ಸಿಗೆ ತಕ್ಕಷ್ಟು ನಾರು, ವಯಸ್ಸಿಗೆ ತಕ್ಕಷ್ಟು ನೀರು ಸಾಕು. ಬೇಕಾದದ್ದಕ್ಕಿಂತ ಹೆಚ್ಚು ನೀರು ಕುಡಿಸಿದರೆ ಅದು ಮೂತ್ರವಾಗಿ ಹೋಗುತ್ತದೆ, ಮಲದೊಳಗೆ ನಿಲ್ಲುವುದಿಲ್ಲ. ನಿಲ್ಲಿಸುವ ಕೆಲಸವನ್ನೇ ಪುಡಿ ಮಾಡುವುದು.

ಆಹಾರದಲ್ಲಿ ನಿಜವಾಗಿ ಗಮನಿಸಬೇಕಾದದ್ದು ಹಾಲು. ದಿನಕ್ಕೆ ಲೀಟರುಗಟ್ಟಲೆ ಹಾಲು ಕುಡಿದು ಊಟವನ್ನೇ ಮುಟ್ಟದ ಎರಡು, ಮೂರು ವರ್ಷದ ಮಕ್ಕಳು ನಮ್ಮ ಪಟ್ಟಣಗಳಲ್ಲಿ ಬೇಕಾದಷ್ಟಿದ್ದಾರೆ. ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನೇ ಒಗ್ಗದೆ ಮಲಬದ್ಧತೆ ಬರುವುದೂ ಉಂಟು. 1998ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಇಟಲಿಯ ಅಧ್ಯಯನದಲ್ಲಿ, ಔಷಧಕ್ಕೆ ಬಗ್ಗದ 65 ಮಕ್ಕಳ ಪೈಕಿ 44 ಮಂದಿ ಹಸುವಿನ ಹಾಲಿನ ಬದಲು ಸೋಯಾ ಹಾಲು ಕೊಟ್ಟಾಗ ಸುಧಾರಿಸಿದರು. ಅವರು ವಿಶೇಷ ಆಸ್ಪತ್ರೆಗೆ ಕಳಿಸಲ್ಪಟ್ಟ ಮಕ್ಕಳು. ಹಾಗಾಗಿ ಎಲ್ಲರ ಹಾಲನ್ನೂ ಕಿತ್ತುಕೊಳ್ಳುವುದು ಬೇಡ. ಔಷಧ ಸರಿಯಾಗಿ ಕೊಟ್ಟೂ ಫಲ ಸಿಗದಿದ್ದಾಗ ಡಾಕ್ಟರ ಸಲಹೆಯಂತೆ ಎರಡರಿಂದ ನಾಲ್ಕು ವಾರ ನಿಲ್ಲಿಸಿ ನೋಡುವ ಕ್ರಮವಿದೆ.

ಔಷಧದ ಜೊತೆಗೆ ತಪ್ಪದೆ ನಡೆಯಬೇಕಾದದ್ದು ಕೂರುವ ಅಭ್ಯಾಸ. ಊಟವಾದ ಮೇಲೆ ದೊಡ್ಡ ಕರುಳು ತಾನಾಗಿಯೇ ಚುರುಕಾಗುತ್ತದೆ. ತಿಂಡಿಯಾದ ಮೇಲೆ, ರಾತ್ರಿ ಊಟವಾದ ಮೇಲೆ ಐದರಿಂದ ಹತ್ತು ನಿಮಿಷ ಮಗುವನ್ನು ಕೂರಿಸಬೇಕು. ಕಮೋಡ್ ಆದರೆ ಕಾಲಡಿ ಒಂದು ಮಣೆ ಇಡಿ, ಕಾಲು ಗಾಳಿಯಲ್ಲಿ ತೂಗಾಡುವ ಮಗುವಿಗೆ ಮುಕ್ಕಲು ಬಲ ಸಿಗುವುದಿಲ್ಲ. ಏಳು ಗಂಟೆಗೇ ಸ್ಕೂಲ್ ಬಸ್ಸು ಹಿಡಿಯುವ ಮಗುವಿಗೆ ಈ ಹತ್ತು ನಿಮಿಷವೇ ಇರುವುದಿಲ್ಲ. ಸ್ಕೂಲಿನಲ್ಲಿ ನೀರಿಲ್ಲದ, ಚಿಲಕವಿಲ್ಲದ ಟಾಯ್ಲೆಟ್ಟಿಗೆ ಹೆದರಿ ಸಂಜೆಯವರೆಗೆ ತಡೆಯುವ ಹೆಣ್ಣುಮಕ್ಕಳಿಗೆ ಯಾವ ಡಾಕ್ಟರು ಎಂಥ ಔಷಧ ಬರೆದರೂ ಅರ್ಧ ಗುಣ. ಅದು ಶಾಲೆಯವರು ಮಾಡಬೇಕಾದ ಚಿಕಿತ್ಸೆ.

ತಪ್ಪು ಕಲ್ಪನೆ: ಗ್ಲೈಕಾಲ್ ವಿಷ, ಅದನ್ನು ಮಗುವಿಗೆ ಕೊಡಬಾರದು

ವಾಸ್ತವ: ಈ ಭಯಕ್ಕೆ ಕಾರಣವಿದೆ. 2022ರಲ್ಲಿ ಗ್ಯಾಂಬಿಯಾದಲ್ಲಿ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ಆ ಸುದ್ದಿ ಓದಿದ ತಂದೆ ಪುಡಿಯ ಪೊಟ್ಟಣದ ಮೇಲೆ 'ಗ್ಲೈಕಾಲ್' ಎಂದು ಕಂಡರೆ ಕೈ ತಡೆಯುವುದು ಸಹಜ. ಆದರೆ ಎರಡೂ ಒಂದಲ್ಲ. ಡೈಎಥಿಲೀನ್ ಗ್ಲೈಕಾಲ್ ಸಣ್ಣ ಅಣು, ಸಲೀಸಾಗಿ ರಕ್ತಕ್ಕೆ ಸೇರುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್ ಉದ್ದನೆಯ ಸರಪಳಿ. ಔಷಧವಾಗಿ ಬಳಸುವುದರ ಅಣುತೂಕ 3350 ಅಥವಾ 4000, ಕರುಳಿನ ಗೋಡೆ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎನ್ನಬಹುದು. ಅಮೆರಿಕದ ತಂದೆತಾಯಿಯರೂ ಇದೇ ಆತಂಕ ಎತ್ತಿದ್ದರು. ಈ ಪುಡಿ ತೆಗೆದುಕೊಳ್ಳುವ ಮಕ್ಕಳ ರಕ್ತವನ್ನು ಪರೀಕ್ಷಿಸಿ 2018ರಲ್ಲಿ ಜರ್ನಲ್ ಆಫ್ ಪೀಡಿಯಾಟ್ರಿಕ್ಸ್‌ನಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ ಎಥಿಲೀನ್ ಮತ್ತು ಡೈಎಥಿಲೀನ್ ಗ್ಲೈಕಾಲ್ ಪ್ರಮಾಣ, ಪುಡಿ ತೆಗೆದುಕೊಳ್ಳದ ಮಕ್ಕಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಉಳಿದಿರಲಿಲ್ಲ.

ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕೋಕ್ರೇನ್ ಸಂಸ್ಥೆಯ ವಿಮರ್ಶೆಗಳಲ್ಲಿ ಈ ಪುಡಿ ಲ್ಯಾಕ್ಟುಲೋಸ್‌ಗಿಂತ ಮೇಲೆಂದು ಕಂಡಿದೆ. ಭಾರತದ ಮಕ್ಕಳ ಕರುಳುರೋಗ ತಜ್ಞರು 2018ರಲ್ಲಿ ಇಂಡಿಯನ್ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಇದಕ್ಕೇ ಮೊದಲ ಸ್ಥಾನ. ವರ್ಷ ತುಂಬದ ಕೂಸಿಗೆ ಸಾಮಾನ್ಯವಾಗಿ ಲ್ಯಾಕ್ಟುಲೋಸ್ ಬರೆಯುತ್ತಾರೆ.

ತಪ್ಪು ಕಲ್ಪನೆ: ಹರಳೆಣ್ಣೆ, ಸೋನಾಮುಖಿ ನಾಟಿ ಮದ್ದು, ಅವುಗಳಿಂದ ಅಪಾಯವಿಲ್ಲ

ವಾಸ್ತವ: ಹರಳೆಣ್ಣೆ ಒಳಗೆ ಹೋಗಿ ರಿಸಿನೋಲಿಕ್ ಆಮ್ಲವಾಗುತ್ತದೆ. ಅದು ಕರುಳನ್ನು ಜೋರಾಗಿ ಹಿಂಡುತ್ತದೆ, ಹೊಟ್ಟೆ ನುಲಿಯುತ್ತದೆ. ನೋವಿಗೆ ಹೆದರಿಯೇ ತಡೆಯುತ್ತಿರುವ ಮಗುವಿಗೆ ಇನ್ನೊಂದು ನೋವು ಕೊಟ್ಟಂತಾಯಿತು. ಹಸುಗೂಸಿನ ಮೂಗು ಹಿಡಿದು ಎಣ್ಣೆ ಹೊಯ್ಯುವುದಂತೂ ಖಂಡಿತ ಬೇಡ; ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ವಾಸಿಯಾಗಲು ತಿಂಗಳು ಹಿಡಿಯುವ ನ್ಯುಮೋನಿಯಾ ಬರುತ್ತದೆ. ಲಿಕ್ವಿಡ್ ಪ್ಯಾರಫಿನ್ ಸಿರಪ್ಪನ್ನು ಎಳೆಗೂಸಿಗೆ, ನುಂಗಲು ಕಷ್ಟಪಡುವ ಮಗುವಿಗೆ ಕೊಡಬಾರದು ಎನ್ನುವುದೂ ಇದೇ ಕಾರಣಕ್ಕೆ.

ಸೋನಾಮುಖಿ ಎಂದರೆ ಸೆನ್ನಾ. ಮೆಡಿಕಲ್ ಶಾಪಿನ ಮಾತ್ರೆಯಲ್ಲಿರುವುದೂ ಅದೇ ಗಿಡದ ಸತ್ವ. ವ್ಯತ್ಯಾಸ ಇಷ್ಟೇ: ಮಾತ್ರೆಯಲ್ಲಿ ಎಷ್ಟಿದೆ ಎಂದು ಗೊತ್ತಿರುತ್ತದೆ, ಮನೆಯಲ್ಲಿ ಕುದಿಸಿದ ಕಷಾಯದಲ್ಲಿ ಗೊತ್ತಿರುವುದಿಲ್ಲ. ಡಯಾಪರ್ ಹಾಕುವ ಮಕ್ಕಳಿಗೆ ರಾತ್ರಿ ಸೆನ್ನಾ ಕೊಟ್ಟರೆ ಬೆಳಗಿನವರೆಗೆ ಮಲ ಚರ್ಮಕ್ಕೆ ತಾಗಿಕೊಂಡಿದ್ದು ಸುಟ್ಟಂತೆ ಬೊಬ್ಬೆ ಏಳುವುದುಂಟು. ವರ್ಷ ತುಂಬದ ಕೂಸಿಗೆ ಜೇನುತುಪ್ಪವೂ ಬೇಡ, ಬೊಟುಲಿಸಂ ಎಂಬ ವಿಷಬಾಧೆಯ ಭಯವಿದೆ.

ತಪ್ಪು ಕಲ್ಪನೆ: ಎನಿಮಾ ಕೊಟ್ಟರೆ ಒಂದೇ ಏಟಿಗೆ ಪರಿಹಾರ

ವಾಸ್ತವ: ಉಂಡೆ ತೆಗೆಯುವುದರಲ್ಲಿ ಬಾಯಿಯಿಂದ ಕೊಡುವ ಪುಡಿ ಎನಿಮಾಕ್ಕೆ ಸರಿಸಮ. ಆ ಜಾಗವನ್ನು ಯಾರೂ ಮುಟ್ಟದಿರಲಿ ಎಂದು ಬಯಸುವ ಮಗುವನ್ನು ನಾಲ್ಕು ಜನ ಹಿಡಿದು ಎನಿಮಾ ಕೊಟ್ಟರೆ ಹೆದರಿಕೆ ಬೇರೂರುತ್ತದೆ. ಸೋಪಿನ ಚೂರು, ಎಣ್ಣೆ ಹಚ್ಚಿದ ವೀಳ್ಯದೆಲೆ ತೊಟ್ಟು ಇಡುವುದೂ ಹಾಗೆಯೇ. ಬಾಯಿಯ ಔಷಧ ಆಗದೇ ಹೋದಾಗ ಆಸ್ಪತ್ರೆಯಲ್ಲಿ ಎನಿಮಾಕ್ಕೆ ಸ್ಥಾನವಿದೆ. ಆದರೆ ಫಾಸ್ಫೇಟ್ ಎನಿಮಾ ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿದೆ. ರಕ್ತದಲ್ಲಿ ಫಾಸ್ಫೇಟ್ ಏರಿ ಕ್ಯಾಲ್ಸಿಯಂ ಕುಸಿದು ಜೀವಕ್ಕೇ ಕುತ್ತು ಬರಬಹುದು.

ತಪ್ಪು ಕಲ್ಪನೆ: ಎದೆಹಾಲಿನ ಕೂಸು ಮೂರು ದಿನ ಮಲ ಮಾಡದಿದ್ದರೆ ಔಷಧ ಬೇಕು

ವಾಸ್ತವ: ಬೇಡ. ತಿಂಗಳು ದಾಟಿದ, ಎದೆಹಾಲು ಮಾತ್ರ ಕುಡಿಯುವ ಕೂಸು ವಾರಕ್ಕೊಮ್ಮೆ ಹೋದರೂ ಮಲ ಮೆತ್ತಗಿದ್ದು, ತೂಕ ಏರುತ್ತಿದ್ದರೆ ಅದು ಸಹಜ. ಕೆಲವು ಕೂಸುಗಳು ಹತ್ತು ನಿಮಿಷ ಮುಖ ಕೆಂಪಗೆ ಮಾಡಿ ಅತ್ತು, ಆಮೇಲೆ ಮೆತ್ತಗೇ ಹೋಗುತ್ತವೆ. ಮುಕ್ಕುವುದನ್ನೂ ಸಡಿಲಿಸುವುದನ್ನೂ ಒಟ್ಟಿಗೆ ಮಾಡಲು ಅವು ಇನ್ನೂ ಕಲಿಯುತ್ತಿರುತ್ತವೆ, ತಾವಾಗಿಯೇ ಕಲಿಯುತ್ತವೆ.

ತಪ್ಪು ಕಲ್ಪನೆ: ಜಂತುಹುಳದ ಮಾತ್ರೆ, ಪ್ರೋಬಯಾಟಿಕ್, ಕರುಳಿನ ಚಲನೆ ಹೆಚ್ಚಿಸುವ ಔಷಧ ಕೊಟ್ಟು ನೋಡಬಹುದು

ವಾಸ್ತವ: ಜಂತುಹುಳದ ಮಾತ್ರೆಯನ್ನು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶಾಲೆ, ಅಂಗನವಾಡಿಗಳಲ್ಲಿ ಕೊಡುತ್ತಾರೆ, ಕೊಡಿಸಿ; ಮಲಬದ್ಧತೆಗೆ ಅದು ಮದ್ದಲ್ಲ. ಪ್ರೋಬಯಾಟಿಕ್‌ಗಳಿಗೆ ಮಾರ್ಗಸೂಚಿಗಳ ಬೆಂಬಲವಿಲ್ಲ. ಕರುಳಿನ ಚಲನೆ ಹೆಚ್ಚಿಸಲೆಂದು ಹಿಂದೆ ಬರೆಯುತ್ತಿದ್ದ ಸಿಸಾಪ್ರೈಡ್ ಹೃದಯದ ಲಯ ಕೆಡಿಸುತ್ತದೆಂದು 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ದೊಡ್ಡವರಿಗೆ ಫಲ ಕೊಡುವ ಪ್ರುಕಲೋಪ್ರೈಡ್ ಮಕ್ಕಳ ಮೇಲಿನ ಪ್ರಯೋಗದಲ್ಲಿ ಹುಸಿ ಔಷಧಕ್ಕಿಂತ ಮೇಲಾಗಲಿಲ್ಲ. 2023ರಲ್ಲಿ ಎಫ್‌ಡಿಎ ಆರರಿಂದ ಹದಿನೇಳು ವರ್ಷದವರಿಗೆ ಲಿನಾಕ್ಲೋಟೈಡ್ ಎಂಬ ಹೊಸ ಔಷಧಕ್ಕೆ ಒಪ್ಪಿಗೆ ಕೊಟ್ಟಿದೆ; ಎರಡು ವರ್ಷದೊಳಗಿನವರಿಗೆ ಅದು ನಿಷಿದ್ಧ. ಬಹುಪಾಲು ಮಕ್ಕಳಿಗೆ ಅಷ್ಟು ದೂರ ಹೋಗುವ ಪ್ರಮೇಯವೇ ಬರುವುದಿಲ್ಲ.

ತಪ್ಪು ಕಲ್ಪನೆ: ಮಲಬದ್ಧತೆ ತಾನೇ, ಡಾಕ್ಟರಿಗೆ ತೋರಿಸುವಂಥದ್ದೇನಿದೆ

ವಾಸ್ತವ: ಕಾಯಿಲೆ ಇರುವ ಆ ಕೆಲವೇ ಮಕ್ಕಳನ್ನು ಗುರುತಿಸುವುದಕ್ಕಾದರೂ ತೋರಿಸಬೇಕು. ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗಿರಲಿಲ್ಲವೇ? ಮೊದಲ ತಿಂಗಳಲ್ಲೇ ತೊಂದರೆ ಶುರುವಾಯಿತೇ? ಹಸಿರು ವಾಂತಿ, ಬಿಗಿಯಾಗಿ ಉಬ್ಬಿದ ಹೊಟ್ಟೆ, ಏರದ ತೂಕ ಇವೆಯೇ? ಹಾಗಿದ್ದರೆ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದ ಹರ್ಷ್‌ಸ್ಪ್ರಂಗ್ ಕಾಯಿಲೆ ಇರಬಹುದು. ಸುಮಾರು ಐದು ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುವ ಇದಕ್ಕೆ ಆಪರೇಷನ್ನೇ ದಾರಿ. ಸದಾ ಮಂಕಾಗಿ ಮಲಗಿರುವ, ಚರ್ಮ ಒಣಗಿದ ಕೂಸಿಗೆ ಥೈರಾಯ್ಡ್ ಪರೀಕ್ಷೆ ಆಗಲೇಬೇಕು. ಹುಟ್ಟಿದೊಡನೆ ಈ ಪರೀಕ್ಷೆ ನಮ್ಮಲ್ಲಿ ಎಲ್ಲ ಆಸ್ಪತ್ರೆಗಳಲ್ಲೂ ನಡೆಯುವುದಿಲ್ಲ. ಬೆನ್ನಿನ ಕೆಳತುದಿಯಲ್ಲಿ ಕುಳಿ ಅಥವಾ ಕೂದಲ ಕುಚ್ಚು, ಕಾಲಿನಲ್ಲಿ ಬಲವಿಲ್ಲದಿರುವುದು ಬೆನ್ನುಹುರಿಯ ತೊಂದರೆಯ ಗುರುತು.

ತಪ್ಪು ಕಲ್ಪನೆ: ಒಂದು ವಾರ ಸಲೀಸಾಗಿ ಹೋದರೆ ಔಷಧ ನಿಲ್ಲಿಸಬಹುದು

ವಾಸ್ತವ: ಆ ಒಂದು ವಾರ ಚಿಕಿತ್ಸೆಯ ಆರಂಭ. ಕಡಿಮೆಯೆಂದರೆ ಎರಡು ತಿಂಗಳು ದಿನವೂ ಔಷಧ ನಡೆಯಬೇಕು. ಎಲ್ಲ ತೊಂದರೆಗಳೂ ಮಾಯವಾಗಿ ಕನಿಷ್ಠ ಒಂದು ತಿಂಗಳಾದ ಮೇಲೆ ಇಳಿಸಲು ಶುರುಮಾಡಬೇಕು ಎನ್ನುತ್ತದೆ 2014ರ ಮಾರ್ಗಸೂಚಿ. ವರ್ಷಗಟ್ಟಲೆ ನರಳಿದ ಮಗುವಿಗೆ ಆರು ತಿಂಗಳು, ಒಂದು ವರ್ಷವೂ ಬೇಕಾಗಬಹುದು. ತಜ್ಞರ ಬಳಿಗೆ ಕಳಿಸಿದ ಮಕ್ಕಳಲ್ಲಿ ಆರರಿಂದ ಹನ್ನೆರಡು ತಿಂಗಳಲ್ಲಿ ಔಷಧವಿಲ್ಲದೆ ಗುಣವಾಗಿ ನಿಲ್ಲುವವರು ಅರ್ಧದಷ್ಟು ಮಾತ್ರ. ಬೇಗ ಚಿಕಿತ್ಸೆ ಶುರುವಾದವರಲ್ಲಿ ಫಲಿತಾಂಶ ಇನ್ನೂ ಚೆನ್ನಾಗಿದೆ.

ಇಳಿಸುವುದೂ ನಿಧಾನವಾಗಿ. ದಿನದ ಪ್ರಮಾಣವನ್ನು ಸ್ವಲ್ಪ ತಗ್ಗಿಸಿ, ಕೆಲವು ವಾರ ನೋಡಿ, ಮಲ ಮೆತ್ತಗೇ ಇದ್ದರೆ ಮತ್ತೆ ತಗ್ಗಿಸಬೇಕು. ಇಷ್ಟು ದಿನಕ್ಕೊಮ್ಮೆ ಹೋಯಿತು ಎಂಬ ಲೆಕ್ಕಕ್ಕಿಂತ ಮಲ ಹೇಗಿತ್ತು ಎಂಬುದು ಮುಖ್ಯ. ಬ್ರಿಸ್ಟಲ್ ಚಾರ್ಟ್ ಎಂಬ ಏಳು ಚಿತ್ರಗಳ ಪಟ್ಟಿಯನ್ನು ಬಚ್ಚಲಿನ ಬಾಗಿಲಿಗೆ ಅಂಟಿಸಿದರೆ ಮಗುವೇ ಬೆರಳಿಟ್ಟು ತೋರಿಸುತ್ತದೆ. ನಾಲ್ಕನೆಯ ಚಿತ್ರದಂತೆ ನುಣುಪಾಗಿ, ಮೆತ್ತಗೆ ಇದ್ದರೆ ಪ್ರಮಾಣ ಸರಿಯಿದೆ. ಒಂದು, ಎರಡರ ಕಡೆಗೆ ಗಟ್ಟಿಯಾಗತೊಡಗಿದರೆ ಹಿಂದಿನ ಪ್ರಮಾಣಕ್ಕೆ ಆ ದಿನವೇ ಮರಳಬೇಕು, ನೋವಾಗುವವರೆಗೆ ಕಾಯಬಾರದು. ಜ್ವರ, ಪ್ರಯಾಣ, ಪರೀಕ್ಷೆ, ಹೊಸ ಸ್ಕೂಲು ಇಂಥ ಹೊತ್ತಿನಲ್ಲಿ ಗಟ್ಟಿಯಾಗುವುದು ಸಾಮಾನ್ಯ. ಹಾಗಾಗಿ ಮರುಕಳಿಸಿದರೆ ಎಷ್ಟು ಪುಡಿ, ಎಷ್ಟು ದಿನ ಎಂದು ಡಾಕ್ಟರ ಬಳಿ ಮೊದಲೇ ಬರೆಸಿಕೊಂಡು, ಒಂದಿಷ್ಟು ಪೊಟ್ಟಣ ಮನೆಯಲ್ಲಿ ಇಟ್ಟುಕೊಂಡಿರಿ.